ಆಲಿವ್ ಗಿರಣಿಯ ಕಪ್ಪುನೀರನ್ನು ಸಂಸ್ಕರಿಸುವ ಕ್ರಮ

ಮೆಡಿಟರೇನಿಯನ್ ಸುತ್ತಲಿನ ನಾಡುಗಳಲ್ಲಿ ಆಲಿವ್ ಎಣ್ಣೆ ತೆಗೆಯುವ ಕೆಲಸ ವರ್ಷಕ್ಕೆ ಕೆಲವೇ ತಿಂಗಳು ನಡೆಯುತ್ತದೆ. ಎಣ್ಣೆ, ನೀರು, ಹಿಂಡಿ ಮೂರನ್ನೂ ಬೇರೆಬೇರೆಯಾಗಿ ಹೊರಹಾಕುವ ಗಿರಣಿಯಲ್ಲಿ ಒಂದು ಟನ್ ಕಾಯಿಗೆ ಸುಮಾರು ಒಂದು ಘನ ಮೀಟರ್ ಅಥವಾ ಅದಕ್ಕೂ ಹೆಚ್ಚು ಕಪ್ಪುನೀರು ಬರುತ್ತದೆ. ಅದರ ಪಿಎಚ್ 5ರ ಆಸುಪಾಸಿನಲ್ಲಿರುತ್ತದೆ. ಸಿಒಡಿ, ಅಂದರೆ ಅದರಲ್ಲಿರುವ ಕೊಳೆಯನ್ನು ಉತ್ಕರ್ಷಿಸಲು ಬೇಕಾಗುವ ಆಮ್ಲಜನಕದ ಪ್ರಮಾಣ, ಲೀಟರಿಗೆ 40ರಿಂದ 200 ಗ್ರಾಂವರೆಗೂ ಇರಬಹುದು. ಎಣ್ಣೆ ಬೇಗ ಕೆಡದಂತೆ ಕಾಯುವ, ಅದಕ್ಕೆ ಕಹಿ ಕೊಡುವ ಫೀನಾಲ್‌ಗಳ ಬಹುಪಾಲು ನೀರಿನ ಜೊತೆಗೇ ಹರಿದುಹೋಗುತ್ತದೆ, ಅಲ್ಲಿ ಸೂಕ್ಷ್ಮಜೀವಿಗಳಿಗೆ ವಿಷವಾಗುತ್ತದೆ.

ಆದ್ದರಿಂದ ರಾಸಾಯನಿಕ ಉತ್ಕರ್ಷಣೆಯಿಂದ ಫೀನಾಲ್‌ಗಳನ್ನು ಮುರಿಯುವ ಕೆಲಸವನ್ನಷ್ಟೇ ಮಾಡಿಸಿ, ಉಳಿದದ್ದನ್ನು ಸೂಕ್ಷ್ಮಜೀವಿಗಳಿಗೆ ಬಿಡಬೇಕು. ಎಲ್ಲವನ್ನೂ ರಾಸಾಯನಿಕದಿಂದಲೇ ಕಳೆಯಹೊರಟರೆ, ಒಂದು ಗ್ರಾಂ ಸಿಒಡಿಯನ್ನು ಪೂರ್ತಿ ಉತ್ಕರ್ಷಿಸಲು ಲೆಕ್ಕದ ಪ್ರಕಾರ 2.125 ಗ್ರಾಂ ಹೈಡ್ರೋಜನ್ ಪೆರಾಕ್ಸೈಡ್ ಬೇಕು. ಲೀಟರಿಗೆ 80 ಗ್ರಾಂ ಸಿಒಡಿ ಇರುವ ನೀರಾದರೆ ಘನ ಮೀಟರಿಗೆ 170 ಕಿಲೋ ಶುದ್ಧ ಪೆರಾಕ್ಸೈಡ್ ಆಯಿತು, ಶೇ. 50ರ ದ್ರಾವಣದಲ್ಲಿ ಅದು 340 ಕಿಲೋ. ಯಾವ ಗಿರಣಿಗೂ ಇದು ಕಟ್ಟುವ ಲೆಕ್ಕವಲ್ಲ.

ಮೊದಲು ಜರಡಿಯಿಂದ ತೊಗಟೆ, ಓಟೆಯ ಚೂರುಗಳನ್ನು ತೆಗೆದು, ನೀರನ್ನು ನಿಲ್ಲಿಸಿ ತೇಲಿದ ಎಣ್ಣೆಯನ್ನೂ ತಳಕ್ಕೆ ಕೂತ ಕೆಸರನ್ನೂ ಬೇರ್ಪಡಿಸಿ. ಈ ಹಂತವನ್ನು ಅವಸರದಲ್ಲಿ ಮುಗಿಸಿದರೆ, ಫೀನಾಲ್‌ಗೆಂದು ಹಾಕಿದ ಪೆರಾಕ್ಸೈಡ್ ಎಣ್ಣೆಗೂ ಕೆಸರಿಗೂ ಖರ್ಚಾಗುತ್ತದೆ.

ಆಮೇಲೆ ಫೆಂಟನ್ ಕ್ರಿಯೆ. ಗಂಧಕಾಮ್ಲದಿಂದ ಪಿಎಚ್ ಅನ್ನು 3ಕ್ಕೆ ಇಳಿಸಿ, ಫೆರಸ್ ಸಲ್ಫೇಟ್ ಕರಗಿಸಿ, ಪೆರಾಕ್ಸೈಡ್ ಅನ್ನು ಕಂತುಕಂತಾಗಿ ಸೇರಿಸುತ್ತಾ ಕಲಕಬೇಕು. ಕಬ್ಬಿಣದ ಸಂಪರ್ಕದಲ್ಲಿ ಪೆರಾಕ್ಸೈಡ್ ಒಡೆದು ಹುಟ್ಟುವ, ಅತಿ ಚುರುಕಾಗಿ ವರ್ತಿಸುವ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳು ಫೀನಾಲಿನ ಉಂಗುರವನ್ನು ಮುರಿಯುತ್ತವೆ. ಒಮ್ಮೆಲೇ ಸುರಿದರೆ ನೀರು ಕಾದು, ನೊರೆ ಉಕ್ಕಿ ಹೊರಚೆಲ್ಲುತ್ತದೆ. ಕನ್ನಡಕ, ಕೈಗವಸು, ಮೇಲೆ ಖಾಲಿ ಜಾಗವಿರುವ ತೊಟ್ಟಿ ಇವಿಲ್ಲದೆ ಈ ಕೆಲಸಕ್ಕೆ ಇಳಿಯಲೇಬಾರದು. ಪ್ರಮಾಣವನ್ನು ಪುಸ್ತಕದಿಂದ ಎತ್ತಿಕೊಳ್ಳದೆ, ನಿಮ್ಮದೇ ನೀರನ್ನು ಒಂದೊಂದು ಲೀಟರಿನ ಐದಾರು ಜಾಡಿಗಳಲ್ಲಿಟ್ಟು, ಏರುವ ಪ್ರಮಾಣದಲ್ಲಿ ಪೆರಾಕ್ಸೈಡ್ ಹಾಕಿ, ಪ್ರತಿ ಜಾಡಿಯಲ್ಲೂ ಉಳಿದ ಫೀನಾಲ್ ಅಳೆಯಿರಿ. ಫೀನಾಲ್ ಚೆನ್ನಾಗಿ ಇಳಿದು, ಸಿಒಡಿ ಇನ್ನೂ ಬಹುಪಾಲು ಉಳಿದಿರುವ ಜಾಡಿಯೇ ನಿಮಗೆ ಬೇಕಾದದ್ದು.

ಕ್ರಿಯೆ ಮುಗಿದ ಮೇಲೆ ಸುಣ್ಣ ಹಾಕಿ ಪಿಎಚ್ ಅನ್ನು 8ರ ಹತ್ತಿರ ಏರಿಸಿದರೆ ಕಬ್ಬಿಣ ಕೆಂಗಂದು ಕೆಸರಾಗಿ ಕೂರುತ್ತದೆ. ಪೆರಾಕ್ಸೈಡ್ ಉಳಿದಿಲ್ಲವೆಂಬುದನ್ನು ಪರೀಕ್ಷಾ ಪಟ್ಟಿಯಿಂದ ಖಚಿತಪಡಿಸಿಕೊಳ್ಳಿ; ಉಳಿದಿದ್ದರೆ ಅದು ಸಿಒಡಿ ಅಳತೆಯನ್ನು ಸುಳ್ಳಾಗಿ ಹೆಚ್ಚಿಸುತ್ತದೆ, ಮುಂದಿನ ತೊಟ್ಟಿಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ.

ತಿಳಿನೀರು ಈಗ ಗಾಳಿಯಾಡದ ಜೀರ್ಣತೊಟ್ಟಿಗೆ ಹೋಗಬೇಕು. ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್ ಸುತ್ತ, ಪಿಎಚ್ 7ರ ಸುತ್ತ ಇರಲಿ. ಈ ನೀರಿನಲ್ಲಿ ಸಾರಜನಕ ತೀರ ಕಡಿಮೆಯಾದ್ದರಿಂದ ಯೂರಿಯಾ ಅಥವಾ ಸಗಣಿ ನೀರು ಬೆರೆಸುವುದು ಲೇಸು. ಹೊಸ ನೀರನ್ನು ಮೊದಲ ವಾರಗಳಲ್ಲಿ ಸ್ವಲ್ಪಸ್ವಲ್ಪವೇ ಉಣಿಸಿ, ಕೊಬ್ಬಿನಾಮ್ಲಗಳು ಏರಿ ಪಿಎಚ್ ಇಳಿಯತೊಡಗಿದರೆ ತಕ್ಷಣ ನಿಲ್ಲಿಸಿ. ಕಳೆದ ಪ್ರತಿ ಕಿಲೋ ಸಿಒಡಿಗೆ ಹೆಚ್ಚೆಂದರೆ 0.35 ಘನ ಮೀಟರ್ ಮೀಥೇನ್ ಸಿಗುತ್ತದೆ, ತೊಟ್ಟಿಯನ್ನು ಬೆಚ್ಚಗಿಡಲು ಅದನ್ನೇ ಉರಿಸಬಹುದು. ಫೆರಸ್ ಸಲ್ಫೇಟ್ ಮತ್ತು ಗಂಧಕಾಮ್ಲದಿಂದ ಬಂದ ಸಲ್ಫೇಟ್ ಇಲ್ಲಿ ವಿಷಕಾರಿ ಹೈಡ್ರೋಜನ್ ಸಲ್ಫೈಡ್ ಆಗುವುದರಿಂದ, ಅನಿಲವನ್ನು ಶುದ್ಧಗೊಳಿಸಿಯೇ ಉರಿಸಬೇಕು.

ಕೊನೆಗೆ ಗಾಳಿ ಊದುವ ತೊಟ್ಟಿಯಲ್ಲಿ ಉಳಿದ ಸಿಒಡಿ ಕಳೆಯುತ್ತದೆ. ಆಮೇಲೂ ನೀರು ಕಂದಾಗಿಯೇ ಇದ್ದರೆ, ಮರದ ಲಿಗ್ನಿನ್ ಕರಗಿಸುವ ಬಿಳಿಕೊಳೆ ಶಿಲೀಂಧ್ರಗಳ ಲ್ಯಾಕೇಸ್, ಪೆರಾಕ್ಸಿಡೇಸ್ ಕಿಣ್ವಗಳು ಆ ಬಣ್ಣವನ್ನೂ ಒಡೆಯಬಲ್ಲವು. ಆದರೆ ಅವು ನಿಧಾನ, ಬ್ಯಾಕ್ಟೀರಿಯಾಗಳ ಪೈಪೋಟಿಯಲ್ಲಿ ಬೇಗ ಸೋಲುತ್ತವೆ, ಆದ್ದರಿಂದ ಅವುಗಳಿಗೆ ಪ್ರತ್ಯೇಕ ತೊಟ್ಟಿಯೇ ಬೇಕು.