ಐದು ಕೇಸಿನ ಲೆಕ್ಕ: ನಮ್ಮ ಜಂಕ್ಷನ್ ಬ್ಲ್ಯಾಕ್ ಸ್ಪಾಟ್ ಪಟ್ಟಿ ಸೇರಿದ್ದು ಹೀಗೆ

"ಕಾಗದ ಬರೆದು ಅಪಘಾತ ನಿಲ್ಲಿಸೋಕೆ ಆಗುತ್ತಾ ಸರ್?" ಅಂತ ಕೇಳಿದವರೇ ಈಗ ಆ ಕಾಗದದ ಜೆರಾಕ್ಸ್ ಕೇಳುತ್ತಿದ್ದಾರೆ. ನಮ್ಮ ಜಂಕ್ಷನ್ನನ್ನು ಬ್ಲ್ಯಾಕ್ ಸ್ಪಾಟ್, ಅಂದರೆ ಪದೇ ಪದೇ ಅಪಘಾತ ಆಗುವ ಜಾಗ, ಅಂತ ಸರ್ಕಾರಿ ಪಟ್ಟಿಗೆ ಸೇರಿಸಿದ ಕಾಗದ ಅದು. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಯಿತು, ಅದಕ್ಕೇ ಬರೆಯುತ್ತಿದ್ದೇನೆ. ರಸ್ತೆ ಸುರಕ್ಷತೆ ಅಂತ ಓಡಾಡುವವರಿಗೆ ಆರ್‌ಟಿಐ (ಮಾಹಿತಿ ಹಕ್ಕು ಅರ್ಜಿ) ಹಾಕೋದು, ಮನವಿ ಕೊಟ್ಟು ಸ್ವೀಕೃತಿ ತಗೊಳ್ಳೋದು ಹೇಳಿಕೊಡಬೇಕಿಲ್ಲ. ಅದನ್ನೆಲ್ಲ ಬಿಟ್ಟಿದ್ದೇನೆ.

ನಾಲ್ಕು ಪಥದ ರಾಷ್ಟ್ರೀಯ ಹೆದ್ದಾರಿ. ಅದಕ್ಕೆ ಹಳ್ಳಿ ರಸ್ತೆ ಬಂದು ಸೇರುತ್ತದೆ. ಸೇರುವ ಕಡೆಯೇ ಮೀಡಿಯನ್‌ನಲ್ಲಿ (ನಡುವಿನ ವಿಭಜಕದಲ್ಲಿ) ದಾಟೋಕೆ ಒಂದು ಓಪನಿಂಗ್, ಅದರ ಎದುರಿಗೇ ಬಸ್ ಸ್ಟಾಪ್. ಇಷ್ಟು ಹೇಳಿದರೆ ಮಿಕ್ಕಿದ್ದು ನಿಮಗೇ ಗೊತ್ತಾಗುತ್ತದೆ. ವರ್ಷಕ್ಕೆ ಎರಡೋ ಮೂರೋ ಸಾವು, ಕೈಕಾಲು ಮುರಿದುಕೊಂಡವರು ಬೇರೆ.

ಮೊದಲ ಕೆಲವು ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆವು. ಜಾಥಾ, ಬ್ಯಾನರ್, ಶಾಲಾ ಮಕ್ಕಳ ಕೈಯಲ್ಲಿ ಫಲಕ. ಆಮೇಲೆ ಹೆಲ್ಮೆಟ್ ಹಂಚಿದೆವು. ಐಎಸ್‌ಐ ಗುರುತಿನದ್ದೇ ತರಿಸಿ ಅರ್ಧ ಬೆಲೆಗೆ ಕೊಟ್ಟೆವು. ಹತ್ತಿರ ಹತ್ತಿರ 60 ಸಾವಿರ ಖರ್ಚಾಯಿತು, ಅದರಲ್ಲಿ ಜಾಸ್ತಿ ಪಾಲು ನನ್ನ ಜೇಬಿನದ್ದೇ. ಒಂದು ತಿಂಗಳಾದ ಮೇಲೆ ಅದೇ ಜಂಕ್ಷನ್‌ನಲ್ಲಿ ನಿಂತು ಎಣಿಸಿದರೆ, ನಮ್ಮ ಹೆಲ್ಮೆಟ್ ತಗೊಂಡವರಲ್ಲಿ ಅರ್ಧ ಜನರ ತಲೆ ಬರಿದು. ಕೆಲವು ಹೆಲ್ಮೆಟ್ ಪಕ್ಕದೂರಿನಲ್ಲಿ ಮಾರಾಟವಾಗಿದ್ದವು. ಹೆಲ್ಮೆಟ್ ಬೇಡ ಅನ್ನುತ್ತಿಲ್ಲ. ಆದರೆ ಆ ಜಾಗದಲ್ಲಿ ಸಾಯುತ್ತಿದ್ದವರಲ್ಲಿ ಬಹಳ ಮಂದಿ ನಡೆದು ರಸ್ತೆ ದಾಟುವವರು. ಅವರಿಗೆ ಹೆಲ್ಮೆಟ್ ಏನು ಮಾಡುತ್ತದೆ?

ಇನ್ನೊಂದು ಸೋಲು ಹಂಪ್ ಬೇಡಿಕೆ. ಊರವರೆಲ್ಲ ಸಹಿ ಹಾಕಿ "ಹೆದ್ದಾರಿಗೆ ಹಂಪ್ ಹಾಕಿ" ಅಂತ ಮನವಿ ಕೊಟ್ಟರು. ರಾಷ್ಟ್ರೀಯ ಹೆದ್ದಾರಿಯ ಮೇಲೆ ಹಂಪ್ ಹಾಕುವಂತಿಲ್ಲ ಅಂತ ಒಂದು ಸಾಲಿನ ಉತ್ತರ ಬಂತು, ಫೈಲ್ ಮುಚ್ಚಿತು. ಕೊಡಲಾಗದ್ದನ್ನು ಕೇಳಿದರೆ ಅಧಿಕಾರಿಗೆ ಅದಕ್ಕಿಂತ ಖುಷಿ ಬೇರೆ ಇಲ್ಲ.

ಆಗ ನಾನು ತಿರುವಿ ಹಾಕಿದ್ದು ಕೇಂದ್ರ ಹೆದ್ದಾರಿ ಸಚಿವಾಲಯದ ಬ್ಲ್ಯಾಕ್ ಸ್ಪಾಟ್ ವ್ಯಾಖ್ಯೆಯನ್ನು. ಸುಮಾರು 500 ಮೀಟರ್ ಉದ್ದದ ಜಾಗ. ಮೂರು ವರ್ಷ ಸೇರಿಸಿ ಸಾವು ಅಥವಾ ತೀವ್ರ ಗಾಯದ 5 ಅಪಘಾತ, ಇಲ್ಲವೇ 10 ಸಾವು. ಇಷ್ಟಿದ್ದರೆ ಅದು ಬ್ಲ್ಯಾಕ್ ಸ್ಪಾಟ್. ನಮ್ಮಲ್ಲಿ ಇದಕ್ಕಿಂತ ಎಷ್ಟೋ ಜಾಸ್ತಿ ಆಗಿತ್ತು. ಹಾಗಿದ್ದೂ ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ. ಯಾಕೆ ಅಂತ ಕೇಳಿದರೆ "ಅಲ್ಲಿ ಅಷ್ಟು ಕೇಸ್ ಇಲ್ಲ" ಅಂದರು.

ಕೇಸ್ ಇತ್ತು. ಚದುರಿ ಹೋಗಿತ್ತು ಅಷ್ಟೇ.

ನಮ್ಮ ಜಂಕ್ಷನ್ ಎರಡು ಠಾಣೆಗಳ ಗಡಿಯ ಮೇಲಿದೆ. ಓಪನಿಂಗ್‌ನಿಂದ ಈಚೆ ಬಿದ್ದವರು ಒಂದು ಠಾಣೆ, ಆಚೆ ಬಿದ್ದವರು ಇನ್ನೊಂದು. ಅದರ ಮೇಲೆ ಎಫ್‌ಐಆರ್‌ನಲ್ಲಿ ಸ್ಥಳದ ಹೆಸರು ಬೇರೆ ಬೇರೆ. ಒಬ್ಬರು "ಪೆಟ್ರೋಲ್ ಬಂಕ್ ಹತ್ತಿರ" ಅಂತ ಬರೆದರೆ ಇನ್ನೊಬ್ಬರು "ಡಾಬಾ ಮುಂದೆ", ಮತ್ತೊಬ್ಬರು "ಕ್ರಾಸ್ ಬಳಿ". ಒಂದೇ ಜಾಗಕ್ಕೆ ನಾಲ್ಕೈದು ಹೆಸರು. ಯಾವ ಹೆಸರಿನ ಕೆಳಗೂ ಐದು ಕೇಸ್ ಸೇರುವುದಿಲ್ಲ.

ಇಲ್ಲಿಂದ ನಿಜವಾದ ಕೆಲಸ. 2016ರಲ್ಲಿ ಸುಪ್ರೀಂ ಕೋರ್ಟ್ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣಕ್ಕೆ ಹಾಕಬೇಕು ಅಂತ ಹೇಳಿತಲ್ಲ, ಸೂಕ್ಷ್ಮ ಪ್ರಕರಣ ಬಿಟ್ಟು, ಅದು ಇಲ್ಲಿ ಬಹಳ ಉಪಯೋಗಕ್ಕೆ ಬಂತು. ಐಪಿಸಿ 279ರ (ಅಜಾಗರೂಕ ಚಾಲನೆ) ಜೊತೆ 337 (ಸಾಮಾನ್ಯ ಗಾಯ), 338 (ತೀವ್ರ ಗಾಯ), 304ಎ (ನಿರ್ಲಕ್ಷ್ಯದಿಂದ ಸಾವು) ಇರುವುದನ್ನೆಲ್ಲ ಹೆಕ್ಕಿದೆ. ಎರಡೂ ಠಾಣೆಯದ್ದು, ಮೂರು ವರ್ಷದ್ದು. ಆಮೇಲೆ ಒಬ್ಬ ಹುಡುಗನನ್ನು ಕರೆದುಕೊಂಡು ರಸ್ತೆ ನಡೆದೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ಕಿಲೋಮೀಟರ್ ಕಲ್ಲಿನ ನಡುವೆ 200 ಮೀಟರಿಗೊಂದು ಸಣ್ಣ ಕಲ್ಲು ಇರುತ್ತದೆ. ಬಂಕ್, ಡಾಬಾ, ಕ್ರಾಸ್ ಎಲ್ಲವನ್ನೂ ಆ ಕಲ್ಲಿನ ಲೆಕ್ಕಕ್ಕೆ ತಂದು ಒಂದೊಂದು ಕೇಸಿಗೂ ಚೈನೇಜ್, ಅಂದರೆ ಹೆದ್ದಾರಿಯ ಎಷ್ಟನೇ ಕಿಲೋಮೀಟರ್, ಎಷ್ಟನೇ ಮೀಟರ್ ಅಂತ, ಬರೆದೆ. ಎಕ್ಸೆಲ್‌ನಲ್ಲಿ ಚೈನೇಜ್ ಪ್ರಕಾರ ಜೋಡಿಸಿದ ಕೂಡಲೇ ಹದಿನಾಲ್ಕೋ ಹದಿನೈದೋ ಕೇಸ್ 500 ಮೀಟರ್ ಒಳಗೆ ಬಂದು ಕೂತವು.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಬರೀ ಎಫ್‌ಐಆರ್ ನಂಬಬೇಡಿ. ಮೊದಲ ದಿನ ಸಾಮಾನ್ಯ ಗಾಯ ಅಂತ 337 ಹಾಕಿರುತ್ತಾರೆ. ಎಕ್ಸ್‌ರೇ ಬಂದ ಮೇಲೆ ಮೂಳೆ ಮುರಿದಿರುತ್ತದೆ. ಐಪಿಸಿ 320ರ ಪ್ರಕಾರ ಮೂಳೆ ಮುರಿತ ಅಂದರೆ ತೀವ್ರ ಗಾಯ, ಅಂದರೆ 338. ಕೆಲವರು ವಾರ ಬಿಟ್ಟು ಆಸ್ಪತ್ರೆಯಲ್ಲಿ ತೀರಿಕೊಂಡಿರುತ್ತಾರೆ. ವೂಂಡ್ ಸರ್ಟಿಫಿಕೇಟ್ (ಗಾಯದ ಬಗ್ಗೆ ವೈದ್ಯರು ಕೊಡುವ ಪತ್ರ) ಮತ್ತು ಚಾರ್ಜ್‌ಶೀಟ್ ನೋಡಿದರೆ ಮಾತ್ರ ಗೊತ್ತಾಗೋದು. ನಮ್ಮ ಪಟ್ಟಿಯಲ್ಲಿ ಮೂರು ನಾಲ್ಕು ಕೇಸ್ ಹೀಗೇ ಮೇಲೆ ಬಂದವು. ಹಳೆಯ ಚಾರ್ಜ್‌ಶೀಟ್‌ಗಳು ನನಗೆ ಹೇಗೆ ಸಿಕ್ಕವು ಅನ್ನೋದನ್ನು ಇಲ್ಲಿ ಹೇಳಲ್ಲ. ಕಾನೂನುಬದ್ಧವಾಗಿಯೇ ಸಿಕ್ಕವು, ಅಷ್ಟು ಸಾಕು.

ನಡುವೆ ಒಂದು ಚಟವೂ ಹತ್ತಿತು. ಅದೇ 200 ಮೀಟರ್ ಕಲ್ಲುಗಳ ನಡುವೆ ಮೊಬೈಲ್ ಸ್ಟಾಪ್‌ವಾಚ್ ಹಿಡಿದು ಗಾಡಿಗಳ ವೇಗ ಅಳೆಯೋದು. 12 ಸೆಕೆಂಡ್ ಅಂದರೆ ಗಂಟೆಗೆ 60 ಕಿಲೋಮೀಟರ್, 9 ಸೆಕೆಂಡ್ ಅಂದರೆ 80. ಹತ್ತರಲ್ಲಿ ಆರೇಳು ಕಾರು 9 ಸೆಕೆಂಡಿಗೆ ಮೊದಲೇ ದಾಟುತ್ತಿದ್ದವು. ಬಸ್ ನಿಂತಾಗಲೂ ಅಷ್ಟೇ. ಇದನ್ನು ಯಾರೂ ದಾಖಲೆ ಅಂತ ಒಪ್ಪಲಿಲ್ಲ, ಆದರೆ ಸಭೆಯಲ್ಲಿ ಹೇಳಿದಾಗ ಎಲ್ಲರೂ ತಲೆಯೆತ್ತಿ ನೋಡಿದರು. ಹಳ್ಳಿ ರಸ್ತೆಯ ಬಾಯಿಗೆ ಮರಳು ತುಂಬಿದ ಡ್ರಮ್ ಇಟ್ಟೂ ನೋಡಿದೆವು. ವಾರದೊಳಗೆ ಡ್ರಮ್ ಮಾಯ, ಮರಳು ಮಾತ್ರ ಅಲ್ಲೇ ಸುರಿದಿತ್ತು.

ಪಟ್ಟಿಯನ್ನು ಕೊಟ್ಟಿದ್ದು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ. ಜಿಲ್ಲಾಧಿಕಾರಿ ಅಧ್ಯಕ್ಷರು, ಪೊಲೀಸರು, ರಸ್ತೆಯವರು, ಸಾರಿಗೆಯವರು ಒಂದೇ ಮೇಜಿಗೆ ಬರುವ ಜಾಗ ಅದೊಂದೇ. ಕೊಯಮತ್ತೂರಿನ ಮೂಳೆ ತಜ್ಞ ಡಾ. ಎಸ್. ರಾಜಶೇಖರನ್ ಹಾಕಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2017ರ ನವೆಂಬರ್‌ನಲ್ಲಿ ಕೊಟ್ಟ ನಿರ್ದೇಶನಗಳಲ್ಲಿ ಈ ಸಮಿತಿಗಳ ಮಾತಿದೆ. ಅದನ್ನು ಅರ್ಜಿಯ ಮೊದಲ ಸಾಲಿಗೇ ಹಾಕಿ. ಸಭೆಯ ವಿಷಯಪಟ್ಟಿಗೆ ನಮ್ಮ ಐಟಂ ಸೇರಿಸಿದ್ದು ಹೇಗೆ ಅನ್ನೋದು ಇನ್ನೊಂದು ಗುಟ್ಟು. ಬರೆದುಬಿಟ್ಟರೆ ಮುಂದಿನ ಸಲ ನನಗೇ ಕೆಲಸ ಮಾಡಲ್ಲ.

ಬೇಡಿಕೆಯನ್ನೂ ಬದಲಾಯಿಸಿದೆ. ಹೆದ್ದಾರಿಗೆ ಹಂಪ್ ಕೇಳಲೇ ಇಲ್ಲ. ಓಪನಿಂಗ್ ಮುಚ್ಚಿ, ಯೂಟರ್ನ್ ಮುಂದಕ್ಕೆ ಕೊಡಿ. ಬಸ್ ಸ್ಟಾಪ್ ಜಂಕ್ಷನ್ ದಾಟಿಸಿ. ಹಂಪ್ ಬೇಕಾದದ್ದು ಹಳ್ಳಿ ರಸ್ತೆಗೆ, ಅದು ಹೆದ್ದಾರಿ ಸೇರುವ ಮೊದಲು. ಅದಕ್ಕೆ ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ಮಾರ್ಗಸೂಚಿ 99ರಲ್ಲಿ ಅವಕಾಶ ಇದೆ. ಕೊನೆಯಲ್ಲಿ ಮೋಟಾರು ವಾಹನ ಕಾಯ್ದೆಯ 198ಎ ಸೆಕ್ಷನ್ ಒಂದು ಸಾಲು. 2019ರ ತಿದ್ದುಪಡಿಯಲ್ಲಿ ಬಂದದ್ದು: ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಹೊಣೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ. ಹೆದ್ದಾರಿ ಗುತ್ತಿಗೆದಾರನಿಗೆ 1 ಲಕ್ಷ ಚಿಲ್ಲರೆ ಕಾಸು. ಆದರೆ "ನಿಮಗೆ ಇಂಥ ದಿನ ತಿಳಿಸಿದ್ದೇವೆ" ಅಂತ ಸ್ವೀಕೃತಿಯ ಸೀಲ್ ಬಿದ್ದ ಮೇಲೆ ಮುಂದಿನ ಸಾವಿಗೆ ಗೊತ್ತಿರಲಿಲ್ಲ ಅನ್ನೋಕೆ ಆಗಲ್ಲ. ಭಯ ಇರೋದು ದಂಡಕ್ಕಲ್ಲ, ಆ ಸೀಲಿಗೆ.

ನಮ್ಮ ಜಂಕ್ಷನ್ ಪಟ್ಟಿ ಸೇರಿತು, ಜಂಟಿ ಸ್ಥಳ ಪರಿಶೀಲನೆ ಆಯಿತು, ಕೆಲವು ತಿಂಗಳಲ್ಲಿ ಓಪನಿಂಗ್ ಮುಚ್ಚಿದರು. ಹಂಪ್ ಮಾತ್ರ ಗೋಡೆ ಹಾಗೆ ಎಬ್ಬಿಸಿದ್ದರು. ಐಆರ್‌ಸಿ ಹೇಳೋದು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. ಬಡಗಿಯ ಹತ್ತಿರ ಪ್ಲೈವುಡ್‌ನಲ್ಲಿ ಅದೇ ಕಮಾನಿನ ಅಚ್ಚು ಕತ್ತರಿಸಿಕೊಂಡು ಹೋಗಿ ಹಂಪ್ ಮೇಲೆ ಇಟ್ಟು ಫೋಟೋ ತೆಗೆದೆ. ಒಡೆದು ಮತ್ತೆ ಹಾಕಿದರು. ಆ ಅಚ್ಚಿಗೆ ಸಾವಿರದ ಚಿಲ್ಲರೆ ಆಯಿತು, ಈಗ ಊರೂರಿಗೆ ಎರವಲು ಹೋಗುತ್ತಿದೆ.

ಆರ್‌ಟಿಐಗೆ 10 ರೂಪಾಯಿ, ಪುಟಕ್ಕೆ 2 ರೂಪಾಯಿ, ಓಡಾಟ, ಪ್ರಿಂಟ್ ಎಲ್ಲ ಸೇರಿ ನನಗೆ ತಗುಲಿದ್ದು 12–13 ಸಾವಿರ. ಹೆಲ್ಮೆಟ್ ಖರ್ಚಿನ ಕಾಲು ಭಾಗವೂ ಇಲ್ಲ. ಎರಡು ವರ್ಷದ ಮೇಲಾಯಿತು, ಆ 500 ಮೀಟರಿನಲ್ಲಿ ಒಂದೇ ಸಾವು. ಅದೂ ರಾತ್ರಿ ನಿಂತಿದ್ದ ಲಾರಿಗೆ ಬೈಕ್ ಗುದ್ದಿದ್ದು. ಯೂಟರ್ನ್ ದೂರವಾಯಿತು ಅಂತ ಬೈಯುವವರು ಇದ್ದಾರೆ. ಕೆಲವರು ರಾಂಗ್ ಸೈಡಿನಲ್ಲಿ ಬರುತ್ತಾರೆ, ಅದು ಇನ್ನೂ ಬಗೆಹರಿದಿಲ್ಲ.

ಈಗ ಶುರು ಮಾಡುವವರಿಗೆ ಒಂದು ಮಾತು. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಬಂದಿದೆ. 279 ಈಗ 281, 337 ಮತ್ತು 338 ಎರಡೂ 125ರೊಳಗೆ, 304ಎ ಈಗ 106. ಮೂರು ವರ್ಷದ ಪಟ್ಟಿ ಮಾಡುವಾಗ ಎರಡೂ ಸಂಖ್ಯೆಯಲ್ಲಿ ಹುಡುಕಿ, ಇಲ್ಲಾಂದ್ರೆ ಅರ್ಧ ಕೇಸ್ ಕೈತಪ್ಪುತ್ತವೆ.