ನಾಲೆ ಏರಿಯ ಮೇಲೆ ಏರೋಪ್ಲೇನ್ ಚಿಟ್ಟೆ ನೋಡುವುದು ಹೇಗೆ?

ಬೆಳಗ್ಗೆ ಎಂಟೂವರೆಗೆ ನಾಲೆ ಏರಿ ಮೇಲೆ ಬಗ್ಗಿ ನಿಂತಿದ್ದರೆ ನಮ್ಮ ಕಡೆ ಯಾರಾದರೂ ಒಬ್ಬರು ಗಾಡಿ ನಿಲ್ಲಿಸಿ ಕೇಳಿಯೇ ಕೇಳುತ್ತಾರೆ, "ಏನ್ ಸಾರ್, ಹಾವಾ?" "ಇಲ್ಲಣ್ಣ, ಏರೋಪ್ಲೇನ್ ಚಿಟ್ಟೆ" ಅಂದರೆ ಅವರೂ ಎರಡು ನಿಮಿಷ ನಿಂತು ನೋಡಿ ಹೋಗುತ್ತಾರೆ. ಎಲ್ಲರೂ ಬಲ್ಲ ಹುಳ ಇದು. ಚಿಕ್ಕಂದಿನಲ್ಲಿ ಇದರ ಬಾಲಕ್ಕೆ ದಾರ ಕಟ್ಟಿ ಹಾರಿಸಿದವರು ಎಷ್ಟು ಜನ ಇಲ್ಲ! ನಾನೂ ಕಟ್ಟಿದ್ದೇನೆ, ಈಗ ನೆನೆದರೆ ಬೇಜಾರಾಗುತ್ತದೆ. ಅದು ಬದುಕಿನ ಹೆಚ್ಚು ಭಾಗವನ್ನು ನೀರಿನ ಒಳಗೇ ಕಳೆದು ಬಂದಿರುತ್ತದೆ ಅಂತ ಆಗ ಯಾರೂ ಹೇಳಿರಲಿಲ್ಲ.

ನಾನು ನೋಡುವುದು ಮಂಡ್ಯ ಜಿಲ್ಲೆಯಲ್ಲಿ, ಕೆಆರ್‌ಎಸ್‌ನಿಂದ ಬರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಒಂದು ಉಪನಾಲೆಯ ಪಕ್ಕ. ನೀವು ತುಂಗಭದ್ರಾ ಕಡೆಯವರಾದರೂ, ಭದ್ರಾ ಕಡೆಯವರಾದರೂ ಕ್ರಮ ಇದೇ.

ಮೊದಲು ಜಾಗ

ಇನ್ನೂರು ಹೆಜ್ಜೆ ಉದ್ದದ ಒಂದು ತುಂಡು ಆರಿಸಿಕೊಳ್ಳಿ. ಅಷ್ಟು ಸಾಕು. ಹೊಸ ಹೊಸ ಜಾತಿ ಹುಡುಕಿಕೊಂಡು ಊರೂರು ಸುತ್ತುವುದಕ್ಕಿಂತ ಆ ಇನ್ನೂರು ಹೆಜ್ಜೆಗೇ ವಾರಕ್ಕೊಮ್ಮೆ ಹೋಗಿ ಬನ್ನಿ, ನೀರು ಬಿಟ್ಟಾಗಲೂ ಹೋಗಿ, ನಿಲ್ಲಿಸಿದಾಗಲೂ ಹೋಗಿ. ಕಾಡಿನ ತೊರೆಗೆ ಮಳೆಯೇ ಪಂಚಾಂಗ. ನಾಲೆಗೆ ಹಾಗಲ್ಲ, ಯಾವಾಗ ಗೇಟು ಎತ್ತುತ್ತಾರೆ ಅನ್ನುವುದರ ಮೇಲೆ ಇಲ್ಲಿನ ಹುಳಗಳ ಬರುವು ಹೋಗುವು ನಿಂತಿದೆ. ಅದನ್ನು ಕಣ್ಣಾರೆ ಕಾಣಬೇಕಾದರೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಬೇಕು.

ದೊಡ್ಡ ನಾಲೆ ಬೇಡ. ಸಿಮೆಂಟ್ ಹಾಕಿದ ಇಳಿಜಾರು, ರಭಸದ ನೀರು, ಕಾಲು ಜಾರಿದರೆ ಹಿಡಿದು ಹತ್ತಲು ಏನೂ ಇರುವುದಿಲ್ಲ. ದಯವಿಟ್ಟು ಅದರ ಅಂಚಿಗೆ ಇಳಿಯಬೇಡಿ. ಮರಿಗಳು ಅವಿತು ಕೂರಲು ಅಲ್ಲಿ ಹುಲ್ಲೂ ಇಲ್ಲ, ಹಾಗಾಗಿ ನೋಡಲಿಕ್ಕೂ ಅಲ್ಲಿ ಕಡಿಮೆಯೇ. ಮಣ್ಣಿನ ಏರಿ ಇರುವ ಸಣ್ಣ ನಾಲೆ, ತೂಬಿನ ಕೆಳಗೆ ನಿಂತ ನೀರು, ಗದ್ದೆಯ ನೀರು ಬಸಿದು ಬರುವ ಜೊಂಡು ತುಂಬಿದ ಕಾಲುವೆ, ಇವು ಒಳ್ಳೆಯ ಜಾಗಗಳು.

ಬಿಸಿಲು ಬೇಕು. ಬೆಳಗ್ಗೆ ಎಂಟೂವರೆಯಿಂದ ಹನ್ನೊಂದರವರೆಗೆ ಸರಿಯಾದ ಹೊತ್ತು. ಬೈನಾಕ್ಯುಲರ್ ಇದ್ದರೆ ಒಳ್ಳೆಯದು, ಆದರೆ ಎರಡು ಮೀಟರ್ ಹತ್ತಿರದ್ದನ್ನೂ ಸ್ಪಷ್ಟವಾಗಿ ತೋರಿಸುವಂಥದ್ದಾಗಿರಬೇಕು. ಇಲ್ಲದಿದ್ದರೆ ಮೊಬೈಲೇ ಸಾಕು. ಬಲೆ ಬೇಡ. ಹಿಡಿಯುವ ಅಗತ್ಯವೇ ಇಲ್ಲ. ಓಡಿಸಿದರೂ ಹೆಚ್ಚಿನವು ಒಂದು ಸುತ್ತು ಹಾಕಿ ಅದೇ ಕಡ್ಡಿಗೆ ವಾಪಸ್ ಬಂದು ಕೂರುತ್ತವೆ, ನೀವು ಸುಮ್ನೆ ನಿಂತಿದ್ದರೆ ಆಯಿತು. ನಿಮ್ಮ ನೆರಳು ಮಾತ್ರ ಅದರ ಮೇಲೆ ಬೀಳದಂತೆ ನೋಡಿಕೊಳ್ಳಿ.

ಎರಡು ಗುಂಪು

ಏರೋಪ್ಲೇನ್ ಚಿಟ್ಟೆಗಳಲ್ಲಿ ಡ್ರ್ಯಾಗನ್‌ಫ್ಲೈ, ಡ್ಯಾಮ್ಸೆಲ್‌ಫ್ಲೈ ಅಂತ ಎರಡು ಗುಂಪು. ಡ್ರ್ಯಾಗನ್‌ಫ್ಲೈ ಕೂತಾಗ ರೆಕ್ಕೆ ಅಗಲಿಸಿಕೊಂಡಿರುತ್ತದೆ, ಮೈ ದಪ್ಪ, ಕಣ್ಣುಗಳು ತಲೆಯ ಮೇಲೆ ಒಂದಕ್ಕೊಂದು ತಾಗಿರುತ್ತವೆ. ಡ್ಯಾಮ್ಸೆಲ್‌ಫ್ಲೈ ಸೂಜಿಯಷ್ಟು ಸಣ್ಣ, ರೆಕ್ಕೆ ಬೆನ್ನ ಮೇಲೆ ಮಡಚಿಕೊಳ್ಳುತ್ತದೆ, ಎರಡು ಕಣ್ಣು ದೂರ ದೂರ. ಇದಕ್ಕೆ ಹೊರತಾದವೂ ಇವೆ. ನೀರಿನ ಮೇಲೆ ಚಾಚಿದ ಒಣ ಕಡ್ಡಿಯ ತುದಿಯಲ್ಲಿ ಕೂರುವ, ಕಪ್ಪು ಹಳದಿ ಪಟ್ಟೆಯ ಕಾಮನ್ ಕ್ಲಬ್‌ಟೇಲ್ ಡ್ರ್ಯಾಗನ್‌ಫ್ಲೈಯೇ ಆದರೂ ಕಣ್ಣುಗಳು ತಾಗಿರುವುದಿಲ್ಲ.

ಮೊದಲ ತಿಂಗಳು ನಾಲ್ಕೈದನ್ನು ಗುರುತಿಸಿದರೆ ಸಾಕು. ನಾಲೆ ಅಂಚಿನ ಹುಲ್ಲಿನ ಮೇಲೆ ಮೊಣಕಾಲಿಗಿಂತ ಕೆಳಗೇ ಕೂತಿರುವ, ರೆಕ್ಕೆಯಲ್ಲಿ ಕಿತ್ತಳೆ ಬಣ್ಣ ತುಂಬಿದ್ದು ಡಿಚ್ ಜ್ಯುವೆಲ್, ಇದು ಕೊಳೆ ನೀರಿನಲ್ಲೂ ಬದುಕುತ್ತದೆ. ಕೆಂಪು ಬಣ್ಣದವು ಕಂಡಾಗ ಜಾಸ್ತಿ ಜನ ಎಡವುತ್ತಾರೆ. ರಕ್ತದಂಥ ಕೆಂಪಿದ್ದು ಬೆನ್ನ ಉದ್ದಕ್ಕೂ ಸಣ್ಣ ಕಪ್ಪು ಗೆರೆ ಇದ್ದರೆ ಸ್ಕಾರ್ಲೆಟ್ ಸ್ಕಿಮ್ಮರ್. ಸೀರೆ ಅಂಗಡಿಯವರು ರಾಣಿ ಕಲರ್ ಅನ್ನುತ್ತಾರಲ್ಲ, ಆ ಬಣ್ಣ ಇದ್ದರೆ ಕ್ರಿಮ್ಸನ್ ಮಾರ್ಷ್ ಗ್ಲೈಡರ್. ಹಸಿರು ಮೈಗೆ ಕಪ್ಪು ಪಟ್ಟೆ, ನಡುವೆ ತೆಳ್ಳಗಾದ ಹೊಟ್ಟೆ, ಹೀಗಿದ್ದರೆ ಅದು ಗ್ರೀನ್ ಮಾರ್ಷ್ ಹಾಕ್, ತನ್ನಷ್ಟೇ ದೊಡ್ಡ ಡ್ರ್ಯಾಗನ್‌ಫ್ಲೈಯನ್ನೂ ಹಿಡಿದು ತಿನ್ನುವ ಭಂಡ. ಸೂಜಿಯಂಥವುಗಳಲ್ಲಿ ಹಳದಿ ಬಾಲದ ಕೋರಮಂಡಲ್ ಮಾರ್ಷ್ ಡಾರ್ಟ್ ಹುಲ್ಲಿನ ಸಂದಿಯಲ್ಲಿ ಸಿಕ್ಕೇ ಸಿಗುತ್ತದೆ.

ಒಂದು ಎಚ್ಚರಿಕೆ. ಗ್ರೀನ್ ಮಾರ್ಷ್ ಹಾಕ್ ಬಿಟ್ಟರೆ ಈ ಬಣ್ಣಗಳೆಲ್ಲ ಬಲಿತ ಗಂಡಿನವು. ಹೆಣ್ಣು, ಎಳೆಯ ಗಂಡು ಹೆಚ್ಚಾಗಿ ಮಾಸಲು ಹಳದಿ. ಫೋಟೊ ತೆಗೆಯುವಾಗ ಮೇಲಿನಿಂದ ಒಂದು, ಪಕ್ಕದಿಂದ ಒಂದು ತೆಗೆಯಿರಿ. ಆಮೇಲೆ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಲ್ಲೋ ಐ-ನ್ಯಾಚುರಲಿಸ್ಟ್‌ನಲ್ಲೋ ಹಾಕಿದರೆ ಬಲ್ಲವರು ಹೆಸರು ಹೇಳುತ್ತಾರೆ.

ಜೂನ್‌ನಿಂದ ಶುರು

ಮುಂಗಾರಿನ ಜೊತೆಗೇ ಬರುವುದು ವಾಂಡರಿಂಗ್ ಗ್ಲೈಡರ್. ಮಳೆ ಬಿಟ್ಟ ಸಂಜೆ ಬಯಲಿನ ಮೇಲೆ ನೂರಾರು ಹಳದಿ ಹುಳಗಳು ಕೂರದೆ ಸುತ್ತುತ್ತಿರುತ್ತವಲ್ಲ, ಅವೇ. ಮಳೆ ನೀರಿನ ಹೊಂಡದಲ್ಲಿ ಮೊಟ್ಟೆ ಇಟ್ಟು, ಹೊಂಡ ಬತ್ತುವುದರೊಳಗೆ, ಸುಮಾರು ಒಂದೂವರೆ ತಿಂಗಳಲ್ಲಿ, ಮರಿ ರೆಕ್ಕೆ ಬಂದು ಹಾರಿಬಿಡುತ್ತದೆ. ನಿಲ್ಲಿಸಿದ ಕಾರಿನ ಬಾನೆಟ್ಟಿಗೆ ಬಾಲ ಬಡಿಯುವುದನ್ನೂ ನೋಡಿರುತ್ತೀರಿ, ಅದು ಹೊಳೆಯುವ ಬಣ್ಣವನ್ನು ನೀರೆಂದುಕೊಂಡು ಮೊಟ್ಟೆ ಇಡುತ್ತಿರುತ್ತದೆ. ಅರ್ಧ ಗ್ರಾಮೂ ತೂಗದ ಈ ಹುಳ ಪ್ರತಿ ಅಕ್ಟೋಬರ್‌ನಲ್ಲಿ ಮಾಲ್ಡೀವ್ಸ್‌ನಲ್ಲಿ ಲಕ್ಷಗಟ್ಟಲೆ ಕಾಣಿಸಿಕೊಳ್ಳುತ್ತದೆ. ಇವು ಭಾರತದ ಕಡೆಯಿಂದ ಹೊರಟು ಸಮುದ್ರ ದಾಟಿ ಪೂರ್ವ ಆಫ್ರಿಕಾಗೆ ಹೋಗುತ್ತವೆ ಎಂದು ಅಲ್ಲಿದ್ದ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಬರೆದರು. ನಮ್ಮ ಗದ್ದೆ ಬಯಲಿನ ಮೇಲೆ ಹಾರುವ ಹುಳ!

ನಾಲೆಗೆ ನೀರು ಬಿಟ್ಟು ನಾಟಿ ಮುಗಿದ ಮೇಲೆ ನಾಲೆ ಮಾತ್ರ ನೋಡಬೇಡಿ, ಪಕ್ಕದ ಗದ್ದೆ ಬದುವಿನ ಮೇಲೂ ನಡೆಯಿರಿ. ರೆಕ್ಕೆಯ ಬುಡ ಕಪ್ಪು, ಆಮೇಲೆ ಬಿಳಿ ಪಟ್ಟಿ, ತುದಿ ಗಾಜಿನಂತೆ ತಿಳಿ, ಹೀಗಿರುವ ಪೈಡ್ ಪ್ಯಾಡಿ ಸ್ಕಿಮ್ಮರ್ ಪೈರಿನ ನಡುವೆ ಚಿಟ್ಟೆಯ ಹಾಗೆ ತೇಲುತ್ತದೆ. ಗದ್ದೆಗೆ ಇಳಿಯುವ ಮೊದಲು ರೈತರನ್ನು ಒಂದು ಮಾತು ಕೇಳಿ. ಔಷಧಿ ಹೊಡೆದಿದ್ದರೆ ಅವತ್ತು ಹೋಗಬೇಡಿ.

ಸೆಪ್ಟೆಂಬರ್: ಒಮ್ಮೆಯಾದರೂ ಕತ್ತಲಿರುವಾಗಲೇ ಹೋಗಿ

ವರ್ಷದಲ್ಲಿ ಒಂದೇ ದಿನ ಬೇಗ ಏಳುವುದಾದರೆ ಅದು ಈ ತಿಂಗಳಲ್ಲಿರಲಿ. ಹೋದ ಸೆಪ್ಟೆಂಬರ್‌ನಲ್ಲಿ ಐದೂವರೆಗೆ ತೂಬಿನ ಹತ್ತಿರ ಟಾರ್ಚ್ ಹಿಡಿದು ಜೊಂಡು ನೋಡುತ್ತಿದ್ದೆ. ನೀರಿನಿಂದ ಒಂದು ಗೇಣು ಮೇಲೆ ಕಂದು ಬಣ್ಣದ ಮರಿಯೊಂದು ಕಡ್ಡಿಯನ್ನು ತಬ್ಬಿಕೊಂಡಿತ್ತು, ಬೆನ್ನು ಆಗಲೇ ಸೀಳಿತ್ತು. ಸೀಳಿನಿಂದ ಎದೆ, ತಲೆ ಹೊರಗೆ ಬಂತು. ಆಮೇಲೆ ತಲೆಕೆಳಗಾಗಿ ಜೋತುಬಿದ್ದು ಎಷ್ಟೋ ಹೊತ್ತು ಅಲ್ಲಾಡಲಿಲ್ಲ, ಸತ್ತೇ ಹೋಯಿತೇನೋ ಅಂದುಕೊಂಡೆ. ಆಮೇಲೆ ಥಟ್ಟನೆ ಮೇಲಕ್ಕೆ ಬಗ್ಗಿ, ಬಿಟ್ಟ ಚರ್ಮವನ್ನೇ ಕಾಲಿನಿಂದ ಹಿಡಿದು, ಬಾಲ ಎಳೆದುಕೊಂಡಿತು. ಮುದುಡಿದ ಒದ್ದೆ ಕಾಗದದಂತಿದ್ದ ರೆಕ್ಕೆ ನಿಧಾನಕ್ಕೆ ಹಿಗ್ಗಿತು, ಹಾಲಿನ ಬಣ್ಣದಿಂದ ತಿಳಿಯಾಗುತ್ತಾ ಹೋಯಿತು. ಡ್ರ್ಯಾಗನ್‌ಫ್ಲೈ ಆದರೂ ಆಗ ರೆಕ್ಕೆ ಮಡಚಿಕೊಂಡೇ ಇತ್ತು. ಬೆಳಕಾದ ಮೇಲೆ ಒಮ್ಮೆ ನಡುಗಿ ಅಗಲಿಸಿತು, ಇನ್ನೂ ಸ್ವಲ್ಪ ಹೊತ್ತಿಗೆ ಹಾರಿ ಬೇಲಿ ಮೇಲೆ ಹೋಗಿ ಕೂತಿತು.

ಈ ಹೊತ್ತಿನಲ್ಲಿ ಮುಟ್ಟಲೇಬಾರದು, ಎಳೆಯ ರೆಕ್ಕೆ ಸೊಟ್ಟಗಾದರೆ ಮತ್ತೆ ಸರಿಯಾಗುವುದಿಲ್ಲ. ಬಿಟ್ಟುಹೋದ ಪೊರೆ ಮಾತ್ರ ತೆಗೆದುಕೊಳ್ಳಬಹುದು. ಸೀಳಿನಲ್ಲಿ ಬಿಳಿ ದಾರದಂಥವು ನೇತಾಡುತ್ತಿರುತ್ತವೆ, ಅವು ಮರಿಯ ಉಸಿರಿನ ಕೊಳವೆಗಳ ಒಳಪದರ. ಬೆಂಕಿಪೊಟ್ಟಣದಲ್ಲಿ ಹಾಕಿ ಮೇಲೆ ತಾರೀಖು ಬರೆಯಿರಿ. ಹಾರಾಡುವ ಹುಳ ಎಲ್ಲಿಂದಾದರೂ ಬಂದಿರಬಹುದು, ಪೊರೆ ಸಿಕ್ಕಿತೆಂದರೆ ಅದು ನಿಮ್ಮ ನಾಲೆಯಲ್ಲೇ ಬೆಳೆದಿದ್ದು ಅನ್ನುವುದು ಖಾತ್ರಿ.

ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜೋಡಿಗಳೂ ಜಾಸ್ತಿ. ಗಂಡು ಹೆಣ್ಣಿನ ಕುತ್ತಿಗೆ ಹಿಡಿದು, ಹೆಣ್ಣು ಬಾಲ ಬಗ್ಗಿಸಿ, ಎರಡೂ ಸೇರಿ ಹೃದಯದ ಆಕಾರವಾಗುತ್ತದೆ. ಮಧ್ಯಾಹ್ನದ ಉರಿ ಬಿಸಿಲಲ್ಲಿ ಕೆಲವು ಬಾಲವನ್ನು ನೆಟ್ಟಗೆ ಸೂರ್ಯನ ಕಡೆ ಎತ್ತಿ ನಿಲ್ಲುವುದನ್ನೂ ಗಮನಿಸಿ, ಮೈಗೆ ಬಿಸಿಲು ಕಡಿಮೆ ತಾಗಲಿ ಅಂತ ಹಾಗೆ.

ಕೊಯ್ಲಾದ ಮೇಲೆ

ಡಿಸೆಂಬರ್ ಹೊತ್ತಿಗೆ ಸಂಖ್ಯೆ ಇಳಿಯುತ್ತದೆ. ಆದರೆ ಫೋಟೊಗೆ ಇದೇ ಸಮಯ. ಚಳಿಗೆ ಮರಗಟ್ಟಿ, ಮೈಯೆಲ್ಲ ಇಬ್ಬನಿ ಹನಿ ಹೊತ್ತು ಕೂತಿರುತ್ತವೆ, ಬಿಸಿಲು ಏರುವವರೆಗೆ ಹಾರುವುದಿಲ್ಲ.

ನಾಲೆಯ ನೀರು ನಿಂತಾಗ ಹೆಚ್ಚಿನವರು ನೋಡುವುದನ್ನೂ ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ. ತೂಬಿನ ಕೆಳಗೆ ಉಳಿದ ಗುಂಡಿಯಿಂದ ಟೀ ಸೋಸುವ ಜಾಲರಿಯಲ್ಲಿ ಒಂದು ಸಲ ಕೆಸರು ಎತ್ತಿ ಬಿಳಿ ತಟ್ಟೆಗೆ ಹಾಕಿ, ಮೇಲೆ ಅದೇ ನೀರು ಹುಯ್ಯಿರಿ. ಬಾಲದ ತುದಿಯಲ್ಲಿ ಮೂರು ಎಲೆಯಂಥವು ಇದ್ದರೆ ಡ್ಯಾಮ್ಸೆಲ್‌ಫ್ಲೈ ಮರಿ. ಗಿಡ್ಡವಾಗಿ, ಹಿಂದಿನಿಂದ ನೀರು ಚಿಮ್ಮಿಸಿಕೊಂಡು ಮುಂದೆ ನುಗ್ಗಿದರೆ ಡ್ರ್ಯಾಗನ್‌ಫ್ಲೈ ಮರಿ. ಸೊಳ್ಳೆ ಮರಿಯೂ ಜೊತೆಗಿದ್ದರೆ ಸ್ವಲ್ಪ ಕಾಯಿರಿ. ಏರೋಪ್ಲೇನ್ ಚಿಟ್ಟೆ ಮರಿಯ ಮುಖದ ಅಡಿಯಲ್ಲಿ ಮಡಚಿಟ್ಟ ತುಟಿ ಕೈಯಂತೆ ಮುಂದೆ ಚಿಮ್ಮಿ ಅದನ್ನು ಹಿಡಿದು ಒಳಗೆ ಹೋಗುತ್ತದೆ, ರೆಪ್ಪೆ ಹೊಡೆದರೆ ತಪ್ಪಿಹೋಗುವಷ್ಟು ಬೇಗ. ನೋಡಿ ಮುಗಿದ ಕೂಡಲೇ ಅದೇ ಗುಂಡಿಗೆ ಬಿಡಿ.

ಬೇಸಿಗೆಯಲ್ಲಿ ಕಟ್ಟು ಪದ್ಧತಿಯಲ್ಲಿ (ಕೆಲವು ದಿನ ಬಿಟ್ಟು, ಕೆಲವು ದಿನ ನಿಲ್ಲಿಸಿ) ನೀರು ಬಿಟ್ಟರೆ ಆ ತಾರೀಖನ್ನೂ, ನಿಲ್ಲಿಸಿದ ತಾರೀಖನ್ನೂ ಪುಸ್ತಕದಲ್ಲಿ ಬರೆದುಕೊಳ್ಳಿ. ಅದರ ಪಕ್ಕದಲ್ಲೇ, ನೀರು ಬಂದ ಎಷ್ಟನೇ ದಿನಕ್ಕೆ ಮೊದಲ ಡಿಚ್ ಜ್ಯುವೆಲ್ ಗಂಡು ಹುಲ್ಲಿನ ಮೇಲೆ ಕೂತಿತು ಅನ್ನುವುದನ್ನೂ ಬರೆಯಿರಿ.