ಆಸ್ಪತ್ರೆ ಸಹಾಯಕರಾಗಲು ಕೋಲಾರದವರು ಏನು ಕಲಿಯಬೇಕು

ಎಸ್‌ಎಸ್‌ಎಲ್‌ಸಿ ಮುಗಿಸಿ ಕೋಲಾರದ ಯಾವುದಾದರೂ ಕ್ಲಿನಿಕ್ಕಿಗೆ ಸೇರಿ ಕೆಲಸ ಕಲಿಯಬಹುದು, ನಿಜ. ಆದರೆ ಸರ್ಟಿಫಿಕೇಟ್ ಇಲ್ಲದಿದ್ದರೆ ದೊಡ್ಡ ಆಸ್ಪತ್ರೆಯಲ್ಲಿ ಅರ್ಜಿಯೇ ಮುಂದೆ ಹೋಗುವುದಿಲ್ಲ. ಅರೆವೈದ್ಯಕೀಯ ಡಿಪ್ಲೊಮಾ ಮಾಡುವುದೇ ಒಳ್ಳೆಯದು: ಲ್ಯಾಬ್, ಎಕ್ಸ್‌-ರೇ, ಆಪರೇಷನ್ ಥಿಯೇಟರ್, ಡಯಾಲಿಸಿಸ್. ಶುಲ್ಕ ಕಟ್ಟುವ ಮುಂಚೆ ಕಾಲೇಜಿಗೆ ಅರೆವೈದ್ಯಕೀಯ ಮಂಡಳಿಯ ಮಾನ್ಯತೆ ಇದೆಯೇ, ವಾರ್ಡಿನ ತರಬೇತಿ ಯಾವ ಆಸ್ಪತ್ರೆಯಲ್ಲಿ ಎಂದು ಕೇಳಿ. ಟಮಕದ ಜಾಲಪ್ಪ ಆಸ್ಪತ್ರೆ, ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಂಥ ಕಡೆ ರೋಗಿಗಳು ಹೆಚ್ಚು, ಕೈ ಬೇಗ ಪಳಗುತ್ತದೆ. ಬರೀ ತರಗತಿಯಲ್ಲಿ ಕಲಿಸುವ ಕಾಲೇಜು ಬೇಡ.

ಬಿಪಿ ನೋಡುವುದು ಸುಲಭ ಎಂದುಕೊಳ್ಳುವವರೇ ತಪ್ಪು ಅಂಕಿ ಬರೆಯುತ್ತಾರೆ. ರೋಗಿ 5 ನಿಮಿಷ ಬೆನ್ನಿಗೆ ಆಸರೆ ಕೊಟ್ಟು, ಕಾಲು ನೆಲಕ್ಕೂರಿ ಕೂರಲಿ. ತೋಳು ಎದೆಯ ಮಟ್ಟಕ್ಕಿರಲಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಪಟ್ಟಿಯ ಗಾಳಿಯನ್ನು, ಮೀಟರಿನ ಅಂಕಿ ಸೆಕೆಂಡಿಗೆ 2–3 ಮಿ.ಮೀ.ನಂತೆ ಇಳಿಯುವ ಹಾಗೆ ಬಿಡಿ, ಒಮ್ಮೆಲೇ ಬಿಟ್ಟರೆ ಸ್ಟೆತಸ್ಕೋಪಿನಲ್ಲಿ ಕೇಳುವ ಮೊದಲ ಸದ್ದು ತಪ್ಪಿಹೋಗಿ ಮೇಲಿನ ಅಂಕಿ ಕಡಿಮೆ ಬರುತ್ತದೆ. ಅಳೆಯುವಾಗ ಮಾತಾಡಿಸಬೇಡಿ. ನಮ್ಮೂರಿನವರಿಗೆ ಇದೇ ಕಷ್ಟ!

ರಕ್ತ ತೆಗೆಯುವಾಗ ತೋಳಿನ ಕಟ್ಟನ್ನು 1 ನಿಮಿಷದೊಳಗೆ ಸಡಿಲಿಸಿ. ನೀಲಿ ಮುಚ್ಚಳದ ಟ್ಯೂಬ್ ಮೊದಲು, ನಂತರ ಕೆಂಪು, ಆಮೇಲೆ ನೇರಳೆ. ನೇರಳೆಯಲ್ಲಿರುವ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಕೆಂಪು ಟ್ಯೂಬಿಗೆ ಸೇರಿದರೆ ಪೊಟ್ಯಾಸಿಯಂ ಸುಳ್ಳೇ ಏರಿ, ಕ್ಯಾಲ್ಸಿಯಂ ಇಳಿದಂತೆ ಕಾಣುತ್ತದೆ. ನೇರಳೆ ಟ್ಯೂಬನ್ನು 8–10 ಸಲ ಮೆಲ್ಲಗೆ ತಲೆಕೆಳಗು ಮಾಡಿ, ಕುಲುಕಬೇಡಿ. ಹೆಸರಿನ ಚೀಟಿಯನ್ನು ರೋಗಿಯ ಮುಂದೆಯೇ ಅಂಟಿಸಿ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕದೆ, ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ ಹಾಕಿ.